ಎರಡನೇ ಸಲ ಹೇಳಿದ ಪಾಠ

ಮನೆಯ ಮಹಡಿ ಕೋಣೆ,
ಅಕ್ಟೋಬರ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ಕೂರಲು ಒಂದು ಸ್ಟೂಲಾದರೂ ಇಟ್ಟುಕೊ ಎಂದು ಅಮ್ಮ ಹೇಳಿದ್ದನ್ನು ನೀನು ಕಿವಿಗೆ ಹಾಕಿಕೊಂಡಿರಲಾರೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ತಮ್ಮನಿಗೆ ಮೀಸೆ ಚಿಗುರಿದೆ. ಕನ್ನಡಿ ಬಿಟ್ಟು ಅಲ್ಲಾಡುವುದಿಲ್ಲ.

ಶಾಲೆಯಲ್ಲಿ ನನ್ನ ಪಾಠದ ತರಬೇತಿ ಮುಗಿಯುತ್ತಾ ಬಂತು. ಮೊದಲ ದಿನ ಐದನೇ ತರಗತಿಯ ಎದುರು ನಿಂತಾಗ ಸೀಮೆಸುಣ್ಣ ಬೆರಳಲ್ಲೇ ಪುಡಿಯಾಯಿತು. ಆ ತರಗತಿಯ ಮೇಡಂ, ನನ್ನನ್ನು ತಿದ್ದಬೇಕಾದವರು, ಹಿಂದಿನ ಬೆಂಚಿನಿಂದ ಎದ್ದು ಬಂದು, "ಎಲ್ಲರನ್ನೂ ನೋಡಬೇಡಮ್ಮ. ಒಬ್ಬರನ್ನ ನೋಡು, ಆ ಒಬ್ಬರಿಗೆ ಹೇಳು" ಎಂದು ಕಿವಿಯಲ್ಲಿ ಉಸುರಿದರು. ಅಂದಿನಿಂದ ನನಗೆ ಪಾಠ ಒಲಿಯಿತು. ಈಗ ಗಲಾಟೆ ಎದ್ದರೆ ನಾನು ದನಿ ಏರಿಸುವುದಿಲ್ಲ, ಇಳಿಸುತ್ತೇನೆ. ಅದೂ ಅವರಿಂದಲೇ ಬಂದದ್ದು. ತಮ್ಮನ ಮೇಲೆ ಮಾತ್ರ ಇನ್ನೂ ಫಲಿಸಿಲ್ಲ.

ಕಳೆದ ವಾರ ಮೇಡಂ ಬೆಳಿಗ್ಗೆ ಕಾಗದ ಮಡಚಿ ಮಡಚಿ ಭಿನ್ನರಾಶಿ ಕಲಿಸಿದರು. ಮಧ್ಯಾಹ್ನ ಬಂದು, ಬೋರ್ಡು ಒರೆಸಿ, "ಇವತ್ತು ಹೊಸ ಪಾಠ" ಎಂದು ಅದನ್ನೇ ಶುರು ಮಾಡಿದರು. ನಾನು ಏಳುವಷ್ಟರಲ್ಲಿ ಪಕ್ಕದ ಹುಡುಗಿ ತೋಳು ಹಿಡಿದಳು. "ಸುಮ್ನಿರಿ ಮಿಸ್. ನಾವು ಗೊತ್ತಿಲ್ದೇ ಇರೋರ ಥರ ಕೂತ್ಕೋತೀವಿ. ಇಲ್ದಿದ್ರೆ ಮೇಡಂ ಹೆದರ್ಕೋತಾರೆ." ಇಡೀ ತರಗತಿ ಬೆಳಗಿನ ಉತ್ತರಗಳನ್ನೇ ತಡವರಿಸುತ್ತಾ ಮತ್ತೆ ಕೊಟ್ಟಿತು. ನಾನು ದಿನಾ ಬೈಯುವ ತುಂಟನಂತೂ ಬೇಕೆಂದೇ ತಪ್ಪು ಹೇಳಿ ತಿದ್ದಿಸಿಕೊಂಡ. ಎಷ್ಟು ಕಾಲದಿಂದ ಹೀಗೆ ನಡೆದಿದೆಯೋ.

ನಿನ್ನೆ ಹೆಡ್‌ಮಾಸ್ಟರು ಕರೆಸಿ, "ಮೇಡಂ ಪಾಠ ಹೇಗೆ ಹೋಗ್ತಿದೆ? ನೋಡಿದ್ದು ಹೇಳಿ" ಎಂದರು. ಮುಚ್ಚಿಟ್ಟರೆ ಮಕ್ಕಳ ವರ್ಷ ಹಾಳು, ಬಿಚ್ಚಿಟ್ಟರೆ ಮೇಡಂ ಗತಿ ಏನು? ಬಾಯಿ ತೆರೆದರೆ ಅಳು ಬಂತು. ಅವರಿಗೆ ಅಷ್ಟೇ ಸಾಕಾಯಿತು. ನಾನು ಒಂದು ಮಾತೂ ಆಡಲಿಲ್ಲ ಅಪ್ಪಾ, ಆದರೂ ಹೇಳಿದವಳು ನಾನೇ.

ಹೊರಗೆ ಬಂದರೆ ವರಾಂಡದಲ್ಲಿ ಮೇಡಂ. ಬೆನ್ನು ಸವರಿ, "ಎಷ್ಟು ಚೆನ್ನಾಗಿ ಪಾಠ ಮಾಡ್ತೀಯಮ್ಮ, ಯಾರು ಹೇಳಿಕೊಟ್ಟಿದ್ದು?" ಎಂದರು. ನೀವೇ ಎಂದೆ. ತಮಾಷೆ ಎಂದುಕೊಂಡು ಅವರು ನಕ್ಕರು.

ಹೊತ್ತಿಗೆ ಸರಿಯಾಗಿ ನೀನೂ ಉಣ್ಣು, ಎಲ್ಲರಿಗೂ ಬಡಿಸಿ ಉಳಿದದ್ದನ್ನಲ್ಲ. ಅಮ್ಮ ನಿನ್ನನ್ನು ನೆನೆಯುತ್ತಾಳೆ, ತಮ್ಮನ ಮೀಸೆಯ ನಮಸ್ಕಾರ.

ನಿನ್ನ
ಮಾತಿನಮಲ್ಲಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ತರಬೇತಿ ಮುಗಿದೊಡನೆ ಮೇಡಂ ಜಾಗಕ್ಕೆ ಬರುವಂತೆ ನನ್ನನ್ನೇ ಕರೆದಿದ್ದಾರೆ. ಮೇಡಂಗೆ ಇನ್ನೂ ತಿಳಿದಿಲ್ಲ. "ನಿಮ್ಮನ್ನ ಕಂಡ್ರೆ ಅವರಿಗೆ ಪ್ರೀತಿ, ನೀವೇ ಹೇಳ್ಬಿಡಿ" ಎಂದರು ಹೆಡ್‌ಮಾಸ್ಟರು. ಸೋಮವಾರ ಹೇಳಬೇಕು. ಈ ಪತ್ರ ನಿನ್ನ ಮುಂದಿನ ಬಂದರು ಮುಟ್ಟುವಷ್ಟರಲ್ಲಿ ಅದೂ ಆಗಿಹೋಗಿರುತ್ತದೆ. ಆದರೆ ಅಪ್ಪಾ, ಅವರು ಅದನ್ನು ಮರೆತರೆ, ಮಂಗಳವಾರ ನಾನು ಇನ್ನೊಮ್ಮೆ ಹೇಳಬೇಕಲ್ಲ.