ಹಿತಕಿದ ಬೇಳೆಯ ಯಂತ್ರ

ಚನ್ನಪಟ್ಟಣ
ಜನವರಿ ೧೮, ಭಾನುವಾರ

ಸಿರಿ,

ಪ್ರತಿಸಲ ‘ಜೀವದ ಗೆಳತಿಗೆ’ ಎಂದು ಶುರು ಮಾಡುತ್ತಿದ್ದೆ. ಈ ಸಲ ಹೆಸರಷ್ಟೇ ಸಾಕು. ಮೊಬೈಲಿನಲ್ಲಿ ಬರೆದರೆ ಓದಿಯೂ ಓದದವಳಂತೆ ಇದ್ದುಬಿಡುತ್ತೀಯ. ಕಾಗದವನ್ನಾದರೂ ಕೈಯಲ್ಲಿ ಹಿಡಿಯಲೇಬೇಕಲ್ಲ.

ಮಾಗಡಿಯ ಕೃಷಿ ಮೇಳಕ್ಕೆ ನಾನು ಬರುತ್ತೇನೆಂದು ನಿನಗೆ ಗೊತ್ತಿರಲಿಲ್ಲ. ನಿಮ್ಮೂರು ಕಲ್ಯದವರ ಮಳಿಗೆ ಇದೆ ಎಂದು ಕೇಳಿ ಖುಷಿಯಿಂದ ಓಡಿಬಂದೆ. ಮೇಜಿನ ಮೇಲೆ ನನ್ನ ಯಂತ್ರ ಕೂತಿತ್ತು. ಅದರ ಮೇಲೆ ನಿನ್ನಪ್ಪ ಕೆಂಪಯ್ಯನವರ ಫೋಟೋ ಇದ್ದ ಬ್ಯಾನರ್: ‘ನಮ್ಮ ಮಣ್ಣಿನ ಮಗನ ಆವಿಷ್ಕಾರ’.

ಕಳೆದ ವರ್ಷದ ಅವರೆ ಕಾಲ ನೆನಪಿದೆಯೇ? ನೆನೆಸಿದ ಕಾಳನ್ನು ಒಂದೊಂದಾಗಿ ಹಿತಕಿ ಸಿಪ್ಪೆ ಬಿಡಿಸುತ್ತಿದ್ದ ನಿನ್ನಮ್ಮ ಸರಸಮ್ಮನವರ ಹೆಬ್ಬೆರಳು ಉಗುರಿನ ಬುಡದಲ್ಲಿ ಒಡೆದಿತ್ತು. ನಾನು ನಮ್ಮೂರಿಗೆ ವಾಪಸ್ ಬಂದವಳೇ, ಅಬ್ಬಾ ಗೊಂಬೆ ಕಡೆಯುವ ಲೇತಿನಲ್ಲಿ ಹಾಲೆಮರದ ಎರಡು ಉರುಳೆ ಕಡೆದು, ತಿರುಗಿಸಲು ಒಂದು ಹಿಡಿ ಹಾಕಿ ನಿಮ್ಮ ಮನೆಗೆ ತಂದುಕೊಟ್ಟೆ. ಕಾಳು ನಡುವೆ ನುಗ್ಗಿದರೆ ಸಿಪ್ಪೆ ಬಿಟ್ಟು ಬೇಳೆ ಜಾರಿ ಬೀಳುತ್ತಿತ್ತು. “ಗೊಂಬೆ ಮಾಡೋಳು ನನ್ ಬೆರಳ್ನೇ ಉಳಿಸ್ಬುಟ್ಲು ಕಣೇ ಸಿರಿ,” ಎಂದು ಸರಸಮ್ಮನವರು ನನ್ನ ಕೆನ್ನೆ ಹಿಂಡಿದ್ದರು.

ಮಳಿಗೆಯಲ್ಲಿ ಯಾರೋ ಇದು ಯಾರ ತಲೆ ಎಂದು ಕೇಳಿದರು. “ನಮ್ದೇ ಕಣಣ್ಣೋ. ಹೊರಗ್ನೋರ ಕೈ ಒಸೀನೂ ಬಿದ್ದಿಲ್ಲ,” ಎಂದರು ನಿನ್ನಪ್ಪ. ಆಮೇಲೆ ನನ್ನನ್ನು ಕಂಡರು. ಮುಖ ಕೊಂಚವೂ ಬಾಡಲಿಲ್ಲ. “ಓ, ತಾಜಣ್ಣನ ಮಗ್ಳು! ಬಾರವ್ವ, ಒಸಿ ಬೇಳೆ ತಗೊಂಡೋಗು.” ಪೊಟ್ಟಣ ಕಟ್ಟಿಯೂ ಕೊಟ್ಟರು. ನೀನು ಬಗ್ಗಿ ಬ್ಯಾನರಿನ ಹಗ್ಗ ಸರಿಮಾಡುತ್ತಿದ್ದೆ. ಹಗ್ಗ ಸರಿಯಾಗಿಯೇ ಇತ್ತು.

ಸಂಜೆ ಫೋನು ಮಾಡಿದರೆ ನೀನು ಏನೆಂದೆ? “ನೀನೇ ಅಲ್ವೇನೆ ಹೇಳ್ತಿದ್ದಿದ್ದು, ಬುದ್ಧಿಗೆ ಯಜಮಾನ ಇಲ್ಲ ಅಂತ? ಈಗ್ಯಾಕೆ ಉರ್ಕೊಂತೀಯ?” ಆಮೇಲೆ ದನಿ ತಗ್ಗಿಸಿ, “ನಿಖಾತ್ ಅನ್ನೋ ಹೆಸ್ರಿದ್ರೆ ನಮ್ ಕಡೆ ಯಾರ್ ತಗೊಂತಾರೆ, ನೀನೇ ಹೇಳು.”

ಆಗ ಫೋನು ಇಟ್ಟುಬಿಟ್ಟೆ. ಈಗ ಹೇಳುತ್ತೇನೆ.

ಹೌದು, ಹೇಳಿದ್ದೆ. ಕೈಗೆ ಸಿಕ್ಕ ತೆಳ್ಳಗಿನ ಪುಸ್ತಿಕೆಗಳನ್ನೆಲ್ಲ ಓದಿ, ಕರಪತ್ರ ಅಚ್ಚು ಹಾಕಿಸಿ, ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಜೊತೆಯೇ ಹಂಚಿದ್ದೆ. ರಾಗಿ ಆಫ್ರಿಕಾದ ಗುಡ್ಡಗಳಿಂದ ಬಂತು, ಅವರೆಯ ಮೂಲವೂ ಅತ್ತಲೇ, ರೇಷ್ಮೆ ಚೀನಾದ್ದು, ಮೆಣಸಿನಕಾಯಿ ಸಮುದ್ರದಾಚೆಯ ಅಮೆರಿಕದ್ದು ಎಂದು. “ಹಂಗಾರೆ ಮುದ್ದೆ ಉಣ್ಣಕ್ಕೂ ವೀಸಾ ಬೇಕೇನವ್ವಾ?” ಎಂದು ಒಬ್ಬರು ರೇಗಿಸಿದಾಗ ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಎರಡು ಉರುಳೆಗಳ ಉಪಾಯವೂ ನನ್ನದಲ್ಲ. ಹತ್ತಿಯಿಂದ ಬೀಜ ಬಿಡಿಸಲು ಯಾರೋ ಎಂದೋ ಕಂಡುಕೊಂಡರು, ನೋಡಿದವರು ಊರಿಂದೂರಿಗೆ ಒಯ್ದರು, ಅದು ನನ್ನವರೆಗೂ ಬಂತು.

ಆದರೆ ರಾಗಿಯ ಹುಟ್ಟೂರು ಕೇಳಿ ಯಾರೂ ತಟ್ಟೆ ದೂಡಲಿಲ್ಲ, ಸಿರಿ. ಮೊದಲು ರಾಗಿ ಬಿತ್ತಿದ ಆ ಹೆಂಗಸಿನ ಹೆಸರು ನಮಗೆ ತಿಳಿಯದು. ಸಾವಿರಾರು ವರ್ಷ ಉರುಳಿದವು, ಮರೆತೆವು. ನನ್ನನ್ನು ಮರೆಯಲು ನಿಮಗೆ ಒಂದು ಸುಗ್ಗಿ ಸಾಕಾಯಿತು.

ನನಗೆ ಹೆಸರು ಬೇಕಿಲ್ಲ. ನೂರು ಸಲ ಹೇಳುತ್ತೇನೆ, ಬೇಕಿಲ್ಲ. ಊರೆಲ್ಲ ಮಾಡಿಕೊಳ್ಳಲಿ, ಮಾರಿಕೊಳ್ಳಲಿ. ‘ಹೊರಗ್ನೋರ ಕೈ ಬಿದ್ದಿಲ್ಲ’ ಎನ್ನುವ ಆ ಒಂದು ಮಾತು ಮಾತ್ರ ಬೇಡವಾಗಿತ್ತು. ಆ ಮಾತು ಬಂದಾಗ ನೀನು ತಲೆ ಎತ್ತಲಿಲ್ಲ.

ಅಬ್ಬಾಗೆ ಇದೆಲ್ಲ ತಮಾಷೆ. “ಕಾಪಿ ಹೊಡೆದ್ರೆ ಮಾಲು ಚೆನ್ನಾಗೈತೆ ಅಂತ ಅರ್ಥ ಬೇಟಾ. ನಮ್ ಗೊಂಬೇನ ಯಾರ್ ಬಿಟ್ರು?” ಎಂದು ನಗುತ್ತಾರೆ. ಅಮ್ಮಿ ಮಾತ್ರ ನೀವು ಕೊಟ್ಟ ಬೇಳೆಯನ್ನು ಸಾರಿಗೆ ಹಾಕಲಿಲ್ಲ. ಅದು ಪೊಟ್ಟಣದಲ್ಲೇ ಹುಳಿಯಿತು.

ನಿನ್ನಣ್ಣ ನಾಗರಾಜು ಅದಕ್ಕೆ ಮೋಟಾರು ಕೂರಿಸಿದ್ದಾನೆ, ಆರ್ಡರು ಹಿಡಿಯುತ್ತಿದ್ದಾನೆ. ಒಳ್ಳೆಯದಾಗಲಿ. ಇನ್ನು ಅವರೆ ಕಾಲಕ್ಕೆ ನನ್ನನ್ನು ಕರೆಯಬೇಡ.

ಒಂದು ಕಾಲದಲ್ಲಿ ನಿನ್ನವಳಾಗಿದ್ದ
ನಿಖಾತ್

ಕೊನೆಗೊಂದು: ಮೇಳದಲ್ಲಿ ಕಾಳು ಸುರಿಯುತ್ತಿದ್ದವರು ನಿನ್ನಮ್ಮ. ಕೈಯಲ್ಲಿ ತಿರುಗಿಸುವಾಗ ಬೆರಳು ಸಿಕ್ಕರೆ ಕೈ ತಾನೇ ನಿಲ್ಲುತ್ತದೆ, ಅದಕ್ಕೇ ನಾನು ತಡೆ ಇಟ್ಟಿರಲಿಲ್ಲ. ಮೋಟಾರಿಗೆ ಕೂಗು ಕೇಳಿಸುವುದಿಲ್ಲ. ಈ ಕಾಗದದ ಜೊತೆ ಕಳಿಸಿರುವ ಸಣ್ಣ ಸೀಳಿನ ಹಲಗೆಯನ್ನು ಉರುಳೆಗಳ ಬಾಯಿಗೆ ಅಡ್ಡ ಕೂರಿಸಿ. ಕಾಳು ಹೋಗುತ್ತದೆ, ಬೆರಳು ಹೋಗುವುದಿಲ್ಲ. ಅಲ್ಲಿಯವರೆಗೆ ಸ್ವಿಚ್ ಹಾಕಬೇಡಿ. ಮಾರುವ ಪ್ರತಿಯೊಂದಕ್ಕೂ ಇಂಥದ್ದು ಹಾಕಲು ನಾಗರಾಜುಗೆ ಹೇಳು, ಅಳತೆ ನೋಡಿಕೊಳ್ಳಲಿ. ಹಲಗೆಯ ಒಳಮೈಯಲ್ಲಿ, ಕೂರಿಸಿದ ಮೇಲೆ ಯಾರಿಗೂ ಕಾಣದ ಕಡೆ, ಕೆಂಪು ಅರಗಿನಲ್ಲಿ ನನ್ನ ಹೆಸರು ಬರೆದಿದ್ದೇನೆ. ಬೇಡವಾದರೆ ಉಜ್ಜಿ ತೆಗೆ. ನಮ್ಮ ಅರಗು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.