ಸೋಲೊ ಮಧ್ಯೆ ಬಿದ್ದ ಕಂಬಳಿ

೧೯ ಜನವರಿ ೨೦೨೫, ಭಾನುವಾರ
ಚಿತ್ರದುರ್ಗ

ಸಿಟ್ಟು ಇನ್ನೂ ಇಳಿದಿಲ್ಲ. ಕಲ್ಲಿನಕೋಟೆಯ ಊರಿನಲ್ಲಿ ರಾಕ್ ಬ್ಯಾಂಡ್ ಕಟ್ಟಿದವರು ನಾವು, ತಲೆ ಚಚ್ಚಿಕೊಳ್ಳಲು ಬಂಡೆಗೇನೂ ಬರವಿಲ್ಲ.

ಕಿವಿ ಕೇಳದ ಮಕ್ಕಳ ಸಹಾಯಕ್ಕೆಂದು ಇಟ್ಟ ನಮ್ಮ ಕಾರ್ಯಕ್ರಮಕ್ಕೆ ಇವತ್ತು ಸ್ಟೇಡಿಯಂ ತುಂಬಿತ್ತು. ನಮ್ಮ ಡ್ರಮ್ಮರ್ ಕನಕರಾಜನ ಮಗಳು ಮೋನಿಕಾಗೆ ಹೋದ ವಾರವಷ್ಟೇ ಕಿವಿಗೆ ಮಿಷಿನ್ ಬಂದಿದೆ. ಅಪ್ಪನ ಡ್ರಮ್ಮನ್ನು ಅವಳು ವೇದಿಕೆಯ ಮೇಲೆಯೇ ಮೊದಲು ಕೇಳಲಿ ಎಂದು ಅವನು ಮನೆಯಲ್ಲಿ ಕೋಲು ಮುಟ್ಟಿರಲಿಲ್ಲ. ಕೊನೆಯ ಹಾಡಿನಲ್ಲಿ ಅವನೊಬ್ಬನೇ ಬಾರಿಸುವ ಸೋಲೊ. ಅವಳು ಅಮ್ಮನ ಜೊತೆ ಮುಂದಿನ ಸಾಲಿನಲ್ಲಿ ಬಾಯಿ ತೆರೆದು ಕುಳಿತಿದ್ದಳು.

ಸೋಲೊ ಏರುತ್ತಿದ್ದಂತೆ ತಡವಾಗಿ ಬಂದ ಮುಖ್ಯ ಅತಿಥಿಗಳು ವೇದಿಕೆ ಹತ್ತಿದರು. ಸಂಘಟಕ ಹನುಮೇಶ್ ಮೈಕ್ ಹಿಡಿದ.

"ನಿಲ್ಸ್ರಿ ಒಂಚೂರು, ಡ್ರಮ್ಮರಿಗೆ ಕಂಬಳಿ ಹೊದ್ಸೋದು ಐತೆ."

ನಮ್ಮ ಕಡೆ ಸನ್ಮಾನಕ್ಕೆಂದು ಕಂಬಳಿ ಹೊದಿಸಿದರೆ ಎದ್ದು ಕೈಮುಗಿಯಲೇಬೇಕು. ಕನಕರಾಜ್ ಕೋಲುಗಳ ಸಮೇತ ಕೈಮುಗಿದ. ಫೋಟೊ ತೆಗೆಯುವವರೆಗೂ ಎಲ್ಲರೂ ಗಪ್‌ಚುಪ್.

ಆ ಮೌನದಲ್ಲಿ ಮೋನಿಕಾ ಕಿವಿಯ ಮಿಷಿನ್ ತಟ್ಟಿ ನೋಡಿದಳು. "ಅವ್ವಾ, ಕೆಟ್ಟೋಯ್ತು ಕಣವ್ವಾ" ಎಂದು ಅಳತೊಡಗಿದಳು.

ಆಮೇಲೆ ಅತಿಥಿಗಳ ಭಾಷಣ. ವಿಷಯ, ಮಕ್ಕಳ ಮಾತಿಗೆ ಕಿವಿಗೊಡುವುದು ಹೇಗೆ. ಅದು ಮುಗಿಯುತ್ತಲೇ ಕಾರ್ಯಕ್ರಮವೂ ಮುಗಿಯಿತು.

"ಸೋಲೊ ಅರ್ಧಕ್ಕೇ ನಿಂತೈತಲ್ಲೋ" ಎಂದೆ.

"ಏನಪ್ಪ, ಸನ್ಮಾನ ಮಾಡಿದ್ರೂ ಬೇಜಾರಾ?" ಎಂದು ಹಲ್ಲು ಕಿರಿದ ಹನುಮೇಶ್.

ನಾಳೆ ಡ್ರಮ್ ಹೊತ್ತುಕೊಂಡು ರಾಮಗಿರಿಗೆ ಹೋಗಿ ಕನಕರಾಜನ ಅಂಗಳದಲ್ಲೇ ಅವನ ಕೈಲಿ ಸೋಲೊ ಪೂರ್ತಿ ಮಾಡಿಸಬೇಕು. ಕಂಬಳಿಯನ್ನು ಮೋನಿಕಾ ಕೂರುವುದಕ್ಕೆ ಹಾಸಿದರಾಯಿತು. ಹನುಮೇಶ್ ಏನಾದರೂ ಮೈಕ್ ಹಿಡಿದು ಅಲ್ಲಿಗೂ ಬಂದರೆ, ಆ ಕೋಲು ಡ್ರಮ್ ಬಿಟ್ಟು ಅವನ ಬೆನ್ನ ಮೇಲೆ ಸೋಲೊ ಬಾರಿಸುತ್ತದೆ.