ಕಸ್ತೂರೆವ್ವನ ಕೈಗೆ ಕೊಟ್ಟ ಲಿಂಗ

೧೧ ಡಿಸೆಂಬರ್ ೨೦೧೧, ರವಿವಾರ

ಹೆಂಡತಿ ಕಸ್ತೂರೆವ್ವ ನನ್ನ ತಾಟು ಮುಚ್ಚಿಟ್ಟು ಆಗಲೇ ಮಲಗಿದ್ದಾಳೆ.

ಇವತ್ತು ಸಂಜೆ ಹುನ್ನೂರಿನ ಗೆಳೆಯ ಶಶಿಕಾಂತನ ಹೊಸ ವೈನರಿಗೆ ಹೋಗಿದ್ದೆವು. ಮೊದಲ ಕೆಂಪು ವೈನು, ಬರೀ ಮುನ್ನೂರು ಬಾಟಲಿ. ದ್ರಾಕ್ಷಿ ನಮ್ಮ ತೋಟದ್ದು; ಬಳ್ಳಿ ಸವರಿ ಬೆಳೆಸಿದವಳು ಅವಳೇ. ಲಿಂಗ ಕಟ್ಟಿಕೊಂಡು ಕುಡಿಯಬಾರದೆಂದು ಮೊದಲೇ ನನ್ನ ಕೊರಳಿನ ಇಷ್ಟಲಿಂಗ ತೆಗೆದು ಅವಳ ಕೈಗೆ ಕೊಟ್ಟೆ.

“ನನಗೂ ಒಂದ ಗುಟುಕ ಕೊಡ್ರಿ. ನಮ್ಮ ಹಣ್ಣ ಹ್ಯಾಂಗಾಗೇತಿ ನೋಡ್ತೇನಿ” ಎಂದಳು.

“ಕೈಯಾಗ ಲಿಂಗ ಹಿಡಕೊಂಡ ಕುಡಿತೀಯೇನ?” ಎಂದೆ, ಎಲ್ಲರಿಗೂ ಕೇಳುವಂತೆ. ನೆರೆದವರು ನಕ್ಕರು. ಅವಳು ಮುಷ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಸರಿದಳು.

ನಾನು ಎರಡನೇ ಗ್ಲಾಸೂ ಹಾಕಿಸಿಕೊಂಡೆ. ಥೂ.

ಮನೆಗೆ ಬಂದವಳೇ ಲಿಂಗವನ್ನು ತೊಳೆದು ದೇವರ ಜಗುಲಿಯ ಮೇಲಿಟ್ಟಳು. ಬೆಳಿಗ್ಗೆ ಪೂಜೆಗೆ ಕೂತಾಗ ನಾನದನ್ನು ಅಂಗೈಯಲ್ಲಿ ಹಿಡಿಯಬೇಕು. ಯಾವ ಮುಖ ಇಟ್ಟುಕೊಂಡು...